ಪೈನ್ ಹಲಗೆಯ ಹದ, ಕುಂದಲಹಳ್ಳಿಯ ಹವೆ

ಆಷಾಢದ ಗಾಳಿ ಬೀಸತೊಡಗಿದ ಮೇಲೆ ಬೆಂಗಳೂರಿನ ಪೂರ್ವದ ಅಂಚಿನ ಬಡಗಿಗಳಿಗೆ ಒಂದೇ ಬಗೆಯ ಫೋನು ಕರೆಗಳು ಬರುತ್ತವೆ. ಕುಂದಲಹಳ್ಳಿ ಗೇಟ್, ಬ್ರೂಕ್‌ಫೀಲ್ಡ್, ಎಇಸಿಎಸ್ ಲೇಔಟ್, ಹೂಡಿ, ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿದೆ, ಡ್ರಾಯರು ಎಳೆದರೆ ಬರುತ್ತಿಲ್ಲ ಎನ್ನುವ ದೂರು. ಶಿವರಾತ್ರಿ ಕಳೆದ ಮೇಲೆ ಅದೇ ಮನೆಗಳಿಂದ ಇದಕ್ಕೆ ತಿರುಗುಮುರುಗಾದ ದೂರು: ಊಟದ ಮೇಜಿನ ಹಲಗೆಗಳ ನಡುವೆ ಸಂದು ಬಿಟ್ಟಿದೆ, ಕಪಾಟಿನ ಬಾಗಿಲು ಸೊಟ್ಟಗಾಗಿದೆ. ಬಡಗಿ ಬಂದು ತೋಪಡ ಹೊಡೆದು ಹೋಗುತ್ತಾನೆ. ಮಳೆಗಾಲದಲ್ಲಿ ಹೆರೆದ ಬಾಗಿಲು ಬೇಸಿಗೆಯಲ್ಲಿ ಸಡಿಲವಾಗುತ್ತದೆ. ಆಗ ಇನ್ನೊಬ್ಬ ಬಡಗಿ ಬಂದು ಪಟ್ಟಿ ಹೊಡೆಯುತ್ತಾನೆ.

ಮನೆಯವರು ಬಡಗಿಯನ್ನು ಬೈಯುತ್ತಾರೆ, ಬಡಗಿ ಮಳೆಯನ್ನು ಬೈಯುತ್ತಾನೆ. ತೊಂದರೆಯ ಬೇರು ಹೆಚ್ಚಿನ ಸಲ ಇವರಿಬ್ಬರಿಗೂ ಕಾಣದ ಒಂದು ಮುಚ್ಚಿದ ಕೋಣೆಯಲ್ಲಿರುತ್ತದೆ. ಹಸಿ ಹಲಗೆಯನ್ನು ಬಿಸಿ ಗಾಳಿಯಲ್ಲಿ ಒಣಗಿಸುವ ಆ ಕೋಣೆಯನ್ನು ಮರದ ವ್ಯಾಪಾರಿಗಳು ಕಿಲ್ನ್ ಎನ್ನುತ್ತಾರೆ. ಯಾವ ಹಂತದಲ್ಲಿ ಎಷ್ಟು ಬಿಸಿ, ಎಷ್ಟು ತೇವ, ಎಷ್ಟು ಗಾಳಿ ಎಂದು ಬರೆದಿಟ್ಟ ಕ್ರಮಕ್ಕೆ ಷೆಡ್ಯೂಲ್ ಎಂದು ಹೆಸರು. ಪೈನ್ ಜಾತಿಯ ಮರಕ್ಕೆ ಈ ಷೆಡ್ಯೂಲನ್ನು ಬೆಂಗಳೂರಿನ ಹವೆಗೆ ಹೊಂದುವಂತೆ ಹೇಗೆ ಕೂಡಿಸಬೇಕು ಎನ್ನುವುದು ಇಂದಿನ ಮಾತು.

ಕುಂದಲಹಳ್ಳಿಗೂ ಪೈನ್ ಮರಕ್ಕೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಬಡಗಿಗಳ ಕೈ ಪಳಗಿದ್ದು ತೇಗ, ಹೊನ್ನೆ, ಬೀಟೆ, ಮತ್ತಿ, ನಂದಿ, ಹಲಸು ಇಂಥ ಅಗಲ ಎಲೆಯ ಮರಗಳ ಮೇಲೆ. ಪೈನ್, ಸ್ಪ್ರೂಸ್, ದೇವದಾರುಗಳಂಥ ಸೂಚಿಪರ್ಣಿ ಮರಗಳು ಹಿಮಾಲಯದ ಸೊತ್ತು. ದಕ್ಷಿಣ ಭಾರತದ ಕಾಡುಗಳಲ್ಲಿ ತಾನಾಗಿ ಬೆಳೆಯುವ ಸೂಚಿಪರ್ಣಿ ಇರುವುದು ಒಂದೇ: ಪಶ್ಚಿಮ ಘಟ್ಟದ ಮಳೆಕಾಡಿನ ನಾಗಿಯಾ ವಾಲಿಚಿಯಾನ. ಲಾಲ್‌ಬಾಗಿನಲ್ಲಿ ಗೋಪುರದಂತೆ ನಿಂತಿರುವ ಅರೌಕೇರಿಯಾಗಳು ಹೊರಗಿನಿಂದ ತಂದು ನೆಟ್ಟವು. ಆದರೆ ಕಳೆದ ಮೂರು ದಶಕಗಳಲ್ಲಿ ಲೆಕ್ಕ ಬದಲಾಯಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ಕಾಡಿನ ಕಡಿತಲೆಗೆ ಬಿಗಿಯಾದ ಕಟ್ಟು ಬಿತ್ತು. 2014ರ ಏಪ್ರಿಲ್‌ನಿಂದ ಮ್ಯಾನ್ಮಾರ್ ದೇಶ ದಿಮ್ಮಿ ರಫ್ತನ್ನು ನಿಲ್ಲಿಸಿತು. ಊರು ಬೆಳೆಯುತ್ತಲೇ ಇತ್ತು, ಮರ ಬೇಕೇ ಬೇಕಿತ್ತು. ಆ ಜಾಗಕ್ಕೆ ಹಡಗಿನಲ್ಲಿ ಬಂದ ಮರಗಳಲ್ಲಿ ಮುಖ್ಯವಾದದ್ದು ನ್ಯೂಜಿಲೆಂಡಿನ ರೇಡಿಯಾಟಾ ಪೈನ್. ಅದರ ತವರು ಕ್ಯಾಲಿಫೋರ್ನಿಯಾದ ಕಡಲ ದಂಡೆ. ಬೆಳೆದದ್ದು ನ್ಯೂಜಿಲೆಂಡಿನ ನೆಡುತೋಪುಗಳಲ್ಲಿ. ಇಳಿಯುವುದು ಹೆಚ್ಚಾಗಿ ಗುಜರಾತಿನ ಕಾಂಡ್ಲಾದಲ್ಲಿ. ಗಾಂಧಿಧಾಮದ ಸಾಮಿಲ್ಲುಗಳಲ್ಲಿ ಕೊಯ್ದು, ಲಾರಿಯಲ್ಲಿ ಅದು ನಮ್ಮೂರಿಗೆ ಬರುತ್ತದೆ.

ಕುಂದಲಹಳ್ಳಿಯ ಸುತ್ತ ಈ ಮರಕ್ಕೆ ಎರಡು ಮುಖ. ಒಂದು, ಫ್ಲ್ಯಾಟಿನ ಒಳಗಿನ ಬಾಗಿಲು, ಕಪಾಟು, ಮೇಜು, ಮಂಚ. ಇನ್ನೊಂದು, ಕಾರ್ಖಾನೆಯ ಪ್ಯಾಕಿಂಗು. ಮೆಟ್ರೊದಲ್ಲಿ ಕುಂದಲಹಳ್ಳಿ ದಾಟಿ ಕಾಡುಗೋಡಿಯ ಕಡೆ ಹೋದರೆ ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೋ ಸಿಗುತ್ತದೆ. ಪೀಣ್ಯದ ಯಂತ್ರ, ಬೊಮ್ಮಸಂದ್ರದ ಬಿಡಿಭಾಗ, ಯಾವುದೇ ಸರಕು ಕಂಟೇನರು ಸೇರುವ ಮೊದಲು ಮರದ ಪ್ಯಾಲೆಟ್ಟಿನ ಮೇಲೆ ಕೂರಬೇಕು. ಪ್ಯಾಲೆಟ್ಟಿಗೆ ಹಗುರವಾದ, ಮೊಳೆ ಕಚ್ಚುವ, ಅಗ್ಗದ ಮರ ಬೇಕು. ಪೈನ್ ಈ ಮೂರಕ್ಕೂ ಒದಗುತ್ತದೆ.

ಈಗ ಮರದೊಳಗಿನ ನೀರಿಗೆ ಬರೋಣ. ಮರದ ತೇವವನ್ನು ಅಳೆಯುವ ಕ್ರಮ ಸ್ವಲ್ಪ ವಿಚಿತ್ರ. ನೀರಿನ ತೂಕವನ್ನು ಪೂರ್ತಿ ಒಣಗಿದ ಮರದ ತೂಕದಿಂದ ಭಾಗಿಸುತ್ತಾರೆ. ಆದ್ದರಿಂದ ತೇವ ಶೇ. 100ನ್ನು ದಾಟಬಹುದು. ಆಗತಾನೇ ಕಡಿದ ರೇಡಿಯಾಟಾ ಪೈನಿನ ಹೊರಭಾಗದ ಬಿಳಿಮರದಲ್ಲಿ ತೇವ ಶೇ. 150ರ ಹತ್ತಿರ ಇರುತ್ತದೆ. ಒಂದು ಕಿಲೋ ಒಣಮರಕ್ಕೆ ಒಂದೂವರೆ ಕಿಲೋ ನೀರು ಎಂದರ್ಥ. ಅದೇ ಮರದ ಒಳಗಿನ ಚೇಗಿನಲ್ಲಿ ಅದು ಶೇ. 40ರಿಂದ 50ರಷ್ಟು ಮಾತ್ರ. ಒಂದೇ ದಿಮ್ಮಿಯಿಂದ ಕೊಯ್ದ ಎರಡು ಹಲಗೆಗಳ ನಡುವೆಯೇ ಇಷ್ಟು ಅಂತರ ಇರುತ್ತದೆ ಎನ್ನುವುದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಕೋಶಗಳ ಟೊಳ್ಳಿನಲ್ಲಿ ತುಂಬಿರುವುದು ಒಂದು, ಕೋಶದ ಗೋಡೆಯೊಳಗೆ ಅಂಟಿಕೊಂಡಿರುವುದು ಇನ್ನೊಂದು. ಒಣಗುವಾಗ ಟೊಳ್ಳಿನ ನೀರು ಮೊದಲು ಹೋಗುತ್ತದೆ. ಅದು ಹೋದರೆ ಹಲಗೆ ಹಗುರಾಗುತ್ತದೆಯೇ ಹೊರತು ಅಳತೆಯಲ್ಲಿ ಕುಗ್ಗುವುದಿಲ್ಲ. ತೇವ ಸುಮಾರು ಶೇ. 28ಕ್ಕೆ ಇಳಿದಾಗ ಟೊಳ್ಳೆಲ್ಲ ಬರಿದಾಗಿ, ಗೋಡೆಯ ನೀರು ಹೊರಡಲು ಶುರುವಾಗುತ್ತದೆ. ಕುಗ್ಗುವುದು, ಸೀಳುವುದು, ಸೊಟ್ಟಗಾಗುವುದು ಎಲ್ಲವೂ ಇಲ್ಲಿಂದ ಮುಂದಿನ ಕಥೆ. ಈ ತಿರುವಿಗೆ ತಂತು ಸಂತೃಪ್ತಿ ಬಿಂದು ಎನ್ನುತ್ತಾರೆ. ಅಮೆರಿಕದ ಹ್ಯಾರಿ ಟೀಮನ್ 1906ರಲ್ಲಿ ಇದನ್ನು ಗುರುತಿಸಿದರು. ಅವರೇ 1917ರಲ್ಲಿ ಕಿಲ್ನ್ ಒಣಗಿಸುವಿಕೆಯ ಮೇಲೆ ಒಂದು ಪುಸ್ತಕವನ್ನೂ ಬರೆದರು. ಅದು ಮೊದಲ ಮಹಾಯುದ್ಧದ ಕಾಲ. ವಿಮಾನದ ರೆಕ್ಕೆಗಳಿಗೆ ಸ್ಪ್ರೂಸ್ ಮರ ತುರ್ತಾಗಿ ಬೇಕಿತ್ತು. ಅದು ಬೇಗ ಒಣಗಬೇಕು, ಒಂದು ಕೂದಲೆಳೆಯ ಸೀಳೂ ಇರಬಾರದು. ಬೇಗ ಮುಗಿಸುವುದು, ಮರ ಕೆಡದಂತೆ ಮುಗಿಸುವುದು, ಈ ಎರಡರ ನಡುವಿನ ಜಗ್ಗಾಟ ಅಂದಿನಿಂದ ಇಂದಿನವರೆಗೆ ಪ್ರತಿ ಷೆಡ್ಯೂಲಿನ ಹಿಂದೆಯೂ ಇದೆ.

ಕುಗ್ಗುವಿಕೆಗೆ ಒಂದು ಲೆಕ್ಕ ಹಾಕೋಣ. ರೇಡಿಯಾಟಾ ಪೈನ್ ಪೂರ್ತಿ ಒಣಗಿದಾಗ ವರ್ಷದ ಉಂಗುರಗಳ ಉದ್ದಕ್ಕೆ ಸುಮಾರು ಶೇ. 6ರಿಂದ 7ರಷ್ಟು ಕುಗ್ಗುತ್ತದೆ. ಉಂಗುರಗಳಿಗೆ ಅಡ್ಡವಾಗಿ ಕುಗ್ಗುವುದು ಅದರ ಅರ್ಧ. ಎರಡು ದಿಕ್ಕಿನಲ್ಲಿ ಎರಡು ಬಗೆ ಕುಗ್ಗುವುದರಿಂದಲೇ ಹಲಗೆ ದೋಣಿಯಂತೆ ಬಾಗುತ್ತದೆ. ಈಗ 90 ಸೆಂಟಿಮೀಟರ್ ಅಗಲದ ಒಂದು ಪೈನ್ ಮೇಜು ಎಂದುಕೊಳ್ಳಿ. ಶೇ. 18 ತೇವದ ಹಲಗೆಗಳನ್ನು ಅಂಟಿಸಿ ಅದನ್ನು ಮಾಡಿದರು, ಮನೆಯೊಳಗೆ ಅದು ಶೇ. 9ಕ್ಕೆ ಇಳಿಯಿತು. ತೇವ ಒಂದು ಅಂಶ ಇಳಿದರೆ ಅಗಲ ಸುಮಾರು ಕಾಲು ಶೇಕಡದಷ್ಟು ಕಡಿಮೆಯಾಗುತ್ತದೆ. ಒಂಬತ್ತು ಅಂಶಕ್ಕೆ ಶೇ. 2ಕ್ಕೂ ಸ್ವಲ್ಪ ಹೆಚ್ಚು. ಮೇಜಿನ ಅಗಲದಲ್ಲಿ ಹೆಚ್ಚುಕಡಿಮೆ ಎರಡು ಸೆಂಟಿಮೀಟರ್ ಕಾಣೆ. ಯಾವ ಅಂಟೂ ಯಾವ ಸ್ಕ್ರೂವೂ ಅದನ್ನು ತಡೆಯಲಾರದು. ಅದೇ ಮೇಜನ್ನು ಶೇ. 11ರ ತೇವದಲ್ಲಿ ಮಾಡಿದ್ದರೆ ವರ್ಷದ ಬದಲಾವಣೆ ಆ ಕಡೆ ಈ ಕಡೆ ನಾಲ್ಕೈದು ಮಿಲಿಮೀಟರಿನಲ್ಲಿ ಮುಗಿಯುತ್ತಿತ್ತು. ಅಷ್ಟಕ್ಕೆ ಜಾಗ ಬಿಡುವುದು ಯಾವ ಒಳ್ಳೆಯ ಬಡಗಿಗೂ ಗೊತ್ತು.

ಶೇ. 11 ಎನ್ನುವ ಅಂಕಿ ಎಲ್ಲಿಂದ ಬಂತು? ಅದು ಬೆಂಗಳೂರಿನ ಗಾಳಿಯಿಂದ ಬಂತು. ಮರ ತನ್ನ ಸುತ್ತಲಿನ ಗಾಳಿಯೊಡನೆ ನೀರನ್ನು ಕೊಟ್ಟು ತೆಗೆದುಕೊಂಡು ಕೊನೆಗೆ ಒಂದು ಸಮತೋಲನಕ್ಕೆ ಬಂದು ನಿಲ್ಲುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 80 ಇದ್ದರೆ ಮರ ಸುಮಾರು ಶೇ. 16ಕ್ಕೆ ನಿಲ್ಲುತ್ತದೆ, ಆರ್ದ್ರತೆ ಶೇ. 65 ಇದ್ದರೆ 12ಕ್ಕೆ, 50 ಇದ್ದರೆ 9ಕ್ಕೆ, 30 ಇದ್ದರೆ 6ಕ್ಕೆ. ಜುಲೈ, ಆಗಸ್ಟ್ ತಿಂಗಳ ಬೆಂಗಳೂರು ಮೇಲಿನ ತುದಿಯಲ್ಲಿರುತ್ತದೆ, ಮಾರ್ಚ್ ಮಧ್ಯಾಹ್ನದ ಬೆಂಗಳೂರು ಕೆಳಗಿನ ತುದಿಯಲ್ಲಿ. ಐಟಿ ಕಚೇರಿಯ ಏರ್ ಕಂಡೀಷನರ್ ಗಾಳಿ ವರ್ಷವಿಡೀ ಬೇಸಿಗೆಯ ಕಡೆಗೇ ವಾಲಿರುತ್ತದೆ. ಮನೆಯೊಳಗಿನ ಮರ ಹೊರಗಿನ ಏರಿಳಿತವನ್ನು ಪೂರ್ತಿ ಅನುಸರಿಸುವುದಿಲ್ಲ, ನಿಧಾನವಾಗಿ ಹಿಂಬಾಲಿಸುತ್ತದೆ. ಹಾಗಾಗಿ ಇಲ್ಲಿನ ಒಳಾಂಗಣದ ಮರಕ್ಕೆ ಶೇ. 10ರಿಂದ 12ರ ನಡುವಿನ ತೇವ ಒಪ್ಪುತ್ತದೆ. ಭಾರತೀಯ ಮಾನಕ ಸಂಸ್ಥೆಯ ಐಎಸ್ 287 ಎನ್ನುವ ಮಾನಕವೂ ದೇಶವನ್ನು ಹವೆಯ ಪ್ರಕಾರ ನಾಲ್ಕು ವಲಯಗಳಾಗಿ ಹಂಚಿ, ಯಾವ ವಲಯದಲ್ಲಿ ಯಾವ ಕೆಲಸಕ್ಕೆ ಎಷ್ಟು ತೇವ ಇರಬಹುದು ಎಂದು ಹೇಳುತ್ತದೆ. ಮಂಗಳೂರಿಗೆ ಸರಿಯಾದ ಬಾಗಿಲು ಬೀದರಿಗೆ ಸರಿಯಾಗಬೇಕೆಂದಿಲ್ಲ.

ಕಿಲ್ನಿನೊಳಗೆ ಹೋಗೋಣ. ಇಟ್ಟಿಗೆಯದೋ ಅಲ್ಯೂಮಿನಿಯಂ ತಗಡಿನದೋ ಒಂದು ಕೋಣೆ. ಬಿಸಿ ಕೊಡಲು ಉಗಿಯ ಕೊಳವೆಗಳು, ಗಾಳಿ ಸುತ್ತಿಸಲು ಫ್ಯಾನು, ತೇವದ ಗಾಳಿಯನ್ನು ಹೊರಬಿಡಲು ಕಿಂಡಿ, ಬೇಕಾದಾಗ ತೇವ ಕೂಡಿಸಲು ಉಗಿಯ ಸಿಂಪರಣೆ. ಗೋಡೆಯ ಮೇಲೆ ಎರಡು ಉಷ್ಣಮಾಪಕಗಳು. ಒಂದು ಸಾದಾ ಬಲ್ಬ್, ಇನ್ನೊಂದರ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿರುತ್ತದೆ. ಗಾಳಿ ಒಣಗಿದಷ್ಟೂ ಒದ್ದೆ ಬಟ್ಟೆಯ ಬಲ್ಬು ಹೆಚ್ಚು ತಣ್ಣಗಾಗುತ್ತದೆ. ಕಿಲ್ನ್ ನಡೆಸುವವನ ಕಣ್ಣು ಈ ಎರಡರ ನಡುವಿನ ಅಂತರದ ಮೇಲಿರಬೇಕು. ಒಣಬಲ್ಬ್ 60 ಡಿಗ್ರಿ, ತೇವಬಲ್ಬ್ 55 ಡಿಗ್ರಿ ಇದ್ದರೆ ಒಳಗಿನ ಆರ್ದ್ರತೆ ಶೇ. 77ರ ಆಸುಪಾಸು. ಬಿಸಿ ಇದ್ದರೂ ಗಾಳಿ ಮೃದು. ಒಣಬಲ್ಬ್ 70, ತೇವಬಲ್ಬ್ 50 ಆದರೆ ಆರ್ದ್ರತೆ ಶೇ. 36ಕ್ಕೆ ಬೀಳುತ್ತದೆ. ಬಿಸಿ ಏರಿದ್ದು ಹತ್ತೇ ಡಿಗ್ರಿ, ಗಾಳಿಯ ಹಸಿವು ಹೆಚ್ಚಾದದ್ದು ಹಲವು ಪಟ್ಟು. ಬಿಸಿ ಮರದೊಳಗಿನ ನೀರಿಗೆ ಚಲನೆ ಕೊಡುತ್ತದೆ, ಅಂತರ ಮೇಲ್ಮೈಯಿಂದ ನೀರನ್ನು ಎಳೆಯುತ್ತದೆ. ಒಳಗಿನಿಂದ ಬರುವುದಕ್ಕಿಂತ ಹೆಚ್ಚಾಗಿ ಮೇಲಿನಿಂದ ಎಳೆದರೆ ಹಲಗೆ ಸೀಳುತ್ತದೆ.

ಹೀಗಾಗಿ ಒಳ್ಳೆಯ ಷೆಡ್ಯೂಲು ಗಡಿಯಾರ ನೋಡಿ ನಡೆಯುವುದಿಲ್ಲ, ಮರದ ತೇವ ನೋಡಿ ಹೆಜ್ಜೆ ಇಡುತ್ತದೆ. ಶುರುವಿನಲ್ಲಿ ಮರ ತುಂಬ ಒದ್ದೆ. ಆಗ ಮಿತವಾದ ಬಿಸಿ, ಚಿಕ್ಕ ಅಂತರ. ಶೇ. 40, 30, 25 ಎಂದು ಇಳಿಯುತ್ತ ಬಂದ ಹಾಗೆ ಅಂತರವನ್ನು ಹಿಗ್ಗಿಸಿ, ಕೋಶದ ಗೋಡೆಯ ನೀರು ಹೊರಡತೊಡಗಿದ ಮೇಲೆ ಬಿಸಿಯನ್ನೂ ಏರಿಸಬೇಕು. ಐಎಸ್ 1141 ಎನ್ನುವ ನಮ್ಮ ಮಾನಕದಲ್ಲಿ ಭಾರತದ ಮರಗಳನ್ನು ಗುಂಪು ಮಾಡಿ ಇಂಥ ಷೆಡ್ಯೂಲುಗಳನ್ನು ಕೊಟ್ಟಿದ್ದಾರೆ.

ಪೈನಿನ ಸ್ವಭಾವ ಒಂದು ರೀತಿಯಲ್ಲಿ ಉದಾರ. ಅದರ ಒಡಲಿನ ಹತ್ತರಲ್ಲಿ ಒಂಬತ್ತು ಪಾಲು ಒಂದೇ ಬಗೆಯ ಉದ್ದನೆಯ ಕೋಶಗಳು. ಪಕ್ಕದ ಕೋಶಕ್ಕೆ ದಾಟಲು ನಡುವೆ ಸಣ್ಣ ಕಿಂಡಿಗಳಿವೆ, ಪ್ರತಿ ಕಿಂಡಿಯಲ್ಲಿ ಒಂದು ಮುಚ್ಚಳದಂಥ ಬಿಲ್ಲೆ ಇದೆ. ಹಸಿ ಬಿಳಿಮರದಲ್ಲಿ ಕಿಂಡಿಗಳು ತೆರೆದಿರುತ್ತವೆ, ನೀರು ಸರಾಗವಾಗಿ ಬರುತ್ತದೆ. ಚೇಗಿನಲ್ಲಿ ಬಿಲ್ಲೆಗಳು ಆಗಲೇ ಮುಚ್ಚಿಕೊಂಡಿರುತ್ತವೆ, ನೀರು ಕಡಿಮೆ ಇದ್ದರೂ ಹೊರಡಲು ಮೊಂಡು ಹಿಡಿಯುತ್ತದೆ. ಮತ್ತಿಯನ್ನೋ ನೀಲಗಿರಿಯನ್ನೋ ಹೆಚ್ಚು ಬಿಸಿಯಲ್ಲಿ ಹಾಕಿದರೆ ಸೀಳಿ ಸುಕ್ಕಾಗುತ್ತದೆ. ಪೈನ್ ತಡೆದುಕೊಳ್ಳುತ್ತದೆ.

ಈ ಉದಾರತೆಯನ್ನು ನ್ಯೂಜಿಲೆಂಡಿನವರು ಕೊನೆಯ ಮಿತಿಯವರೆಗೆ ಬಳಸಿಕೊಂಡರು. 50 ಮಿಲಿಮೀಟರ್ ದಪ್ಪದ ಹಸಿ ರೇಡಿಯಾಟಾ ಹಲಗೆ 70 ಡಿಗ್ರಿಯ ಸುತ್ತಲಿನ ಹಳೆಯ ಕ್ರಮದಲ್ಲಿ ಒಣಗಲು ಸುಮಾರು ಒಂದು ವಾರ ಬೇಕು. ಒಣಬಲ್ಬ್ 90, ತೇವಬಲ್ಬ್ 60 ಇಟ್ಟರೆ ಎರಡು ಮೂರು ದಿನ. 120 ಮತ್ತು 70 ಇಟ್ಟು, ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಗಾಳಿ ಬೀಸಿದರೆ ಒಂದೇ ದಿನದ ಒಳಗೆ ಕೆಲಸ ಮುಗಿಯುತ್ತದೆ. ಆದರೆ ಅದಕ್ಕೆ ಹಲಗೆ ತಿರುಚದಂತೆ ಅಟ್ಟಿಯ ಮೇಲೆ ಟನ್ನುಗಟ್ಟಲೆ ಕಾಂಕ್ರೀಟಿನ ಭಾರ ಹೇರುತ್ತಾರೆ, ಒಣಗಿದ ಮೇಲೆ ಉಗಿ ಕೊಟ್ಟು ಒಳಗಿನ ಬಿಗಿತವನ್ನು ಸಡಿಲಿಸುತ್ತಾರೆ. ಆ ಭಾರವಿಲ್ಲದೆ, ಆ ಫ್ಯಾನಿಲ್ಲದೆ, ಆ ಉಗಿಯಿಲ್ಲದೆ ಬರೀ ತಾಪದ ಅಂಕಿಯನ್ನು ನಕಲು ಮಾಡಿದರೆ ಸಿಗುವುದು ಕಂದುಗಟ್ಟಿದ, ತಿರುಚಿದ ಸೌದೆ. ಹೆಚ್ಚು ಬಿಸಿಯಲ್ಲಿ ಪೈನಿನ ರಸದ ಸಕ್ಕರೆಯೂ ಸಾರಜನಕದ ಅಂಶವೂ ಸೇರಿ ಮೇಲ್ಮೈಯ ಕೆಳಗೆ ಕಂದು ಕಲೆ ಕಟ್ಟುತ್ತದೆ. ಮನೆಯ ಗೋಡೆಯೊಳಗೆ ಅಡಗುವ ತೊಲೆಗೆ ಅದು ಲೆಕ್ಕಕ್ಕಿಲ್ಲ, ಪಾಲಿಷ್ ಹಾಕುವ ಮೇಜಿಗೆ ದೊಡ್ಡ ನಷ್ಟ.

ಇನ್ನೊಂದು ಕಾರಣವೂ ಇದೆ. ಅಲ್ಲಿನ ಷೆಡ್ಯೂಲು ಬೆಳಗ್ಗೆ ಕೊಯ್ದು ಸಂಜೆ ಕಿಲ್ನಿಗೆ ಹಾಕುವ ಹಸಿ ಹಲಗೆಗೆ ಬರೆದದ್ದು. ನಮ್ಮಲ್ಲಿಗೆ ಬರುವ ಮರ ವಾರಗಟ್ಟಲೆ ಹಡಗಿನಲ್ಲಿ, ಬಂದರಿನ ಅಂಗಳದಲ್ಲಿ, ಲಾರಿಯಲ್ಲಿ ಕಳೆದು ಬಂದದ್ದು. ತುದಿಗಳು ಒಣಗಿರುತ್ತವೆ, ನಡು ಹಸಿಯಾಗಿರುತ್ತದೆ. ಒಂದೇ ಲೋಡಿನಲ್ಲಿ ಶೇ. 25ರ ಹಲಗೆಯೂ ಶೇ. 90ರ ಹಲಗೆಯೂ ಇರಬಹುದು. ಎರಡನ್ನೂ ಒಂದೇ ಅಟ್ಟಿಯಲ್ಲಿ ಹಾಕಿದರೆ ಯಾವ ಷೆಡ್ಯೂಲು ಸರಿ? ಒದ್ದೆ ಹಲಗೆಗಾಗಿ ಕಾದರೆ ಒಣ ಹಲಗೆ ಅತಿಯಾಗಿ ಒಣಗುತ್ತದೆ, ಒಣ ಹಲಗೆ ನೋಡಿ ತೆಗೆದರೆ ಒದ್ದೆ ಹಲಗೆ ಹಸಿಯಾಗಿಯೇ ಮನೆ ಸೇರುತ್ತದೆ. ಆದ್ದರಿಂದ ಬೆಂಗಳೂರಿನಲ್ಲಿ ಷೆಡ್ಯೂಲನ್ನು ಸುಧಾರಿಸುವ ಮೊದಲ ಹೆಜ್ಜೆ ಕಿಲ್ನಿನ ಹೊರಗಿದೆ: ವಿಂಗಡಣೆ. ದಪ್ಪದ ಪ್ರಕಾರ, ಬಿಳಿಮರ ಮತ್ತು ಚೇಗಿನ ಪ್ರಕಾರ, ಒದ್ದೆಯ ಪ್ರಕಾರ. ಕೈಯಲ್ಲಿ ಎತ್ತಿ ನೋಡಿದರೆ ಭಾರದ ಹಲಗೆ ಯಾವುದು, ಹಗುರದ್ದು ಯಾವುದು ಎಂದು ಕೂಲಿಯಾಳಿಗೂ ತಿಳಿಯುತ್ತದೆ. ಆ ಒಂದು ತಾಸಿನ ಕೆಲಸ ಕಿಲ್ನಿನಲ್ಲಿ ಒಂದು ದಿನ ಉಳಿಸಬಲ್ಲದು.

ಎರಡನೆಯದು ಅಟ್ಟಿ ಕಟ್ಟುವುದು. ಪ್ರತಿ ಎರಡು ಪದರ ಹಲಗೆಗಳ ನಡುವೆ ಒಂದೇ ದಪ್ಪದ ಒಣ ರೀಪರು ಇಡಬೇಕು, 20ರಿಂದ 25 ಮಿಲಿಮೀಟರಿನದು. ಮೇಲಿನಿಂದ ಕೆಳಗಿನವರೆಗೆ ರೀಪರುಗಳು ಒಂದೇ ಗೆರೆಯಲ್ಲಿ ನಿಲ್ಲಬೇಕು. ಒಂದು ರೀಪರು ಅರ್ಧ ಅಡಿ ಪಕ್ಕಕ್ಕೆ ಸರಿದರೂ ಮೇಲಿನ ಭಾರ ಹಲಗೆಯ ನಡುವಿನ ಮೇಲೆ ಬಿದ್ದು, ಆ ಬಾಗು ಅಲ್ಲೇ ಒಣಗಿ ಕಾಯಂ ಆಗುತ್ತದೆ. ಅಟ್ಟಿಗೂ ಗೋಡೆಗೂ ಚಾವಣಿಗೂ ನಡುವಿನ ಸಂದನ್ನು ಮುಚ್ಚದಿದ್ದರೆ ಗಾಳಿ ಹಲಗೆಗಳ ನಡುವೆ ನುಗ್ಗದೆ ಸುಲಭದ ದಾರಿ ಹಿಡಿಯುತ್ತದೆ. ಫ್ಯಾನಿನ ದಿಕ್ಕನ್ನು ಮೂರು ನಾಲ್ಕು ಗಂಟೆಗೊಮ್ಮೆ ತಿರುಗಿಸದಿದ್ದರೆ ಒಂದು ಬದಿಯ ಹಲಗೆ ಮೊದಲು ಒಣಗಿ ಇನ್ನೊಂದು ಬದಿಯದು ಹಿಂದೆ ಉಳಿಯುತ್ತದೆ. ಕಂಪ್ಯೂಟರ್ ನಿಯಂತ್ರಣ ಕೂರಿಸಿದ ಕಿಲ್ನಿನಲ್ಲೂ ಇವು ಕೈಯಿಂದಲೇ ಆಗಬೇಕಾದ ಕೆಲಸಗಳು.

ಮೂರನೆಯದು ಮಾದರಿ ಹಲಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದಕ್ಕೆ ಬೇಕಾಗುವುದು ಒಂದು ತಕ್ಕಡಿ, ಒಂದು ಚಿಕ್ಕ ಒಲೆ, ಅಷ್ಟೇ. ಲೋಡಿನಿಂದ ಒಂದು ಹಲಗೆ ತೆಗೆದು, ತುದಿಯನ್ನು ಬಿಟ್ಟು, ಒಳಗಿನಿಂದ ಒಂದು ಅಂಗುಲದ ತುಂಡು ಕೊಯ್ಯಿರಿ. ಕೂಡಲೇ ತೂಗಿ, 160 ಗ್ರಾಂ ಎಂದುಕೊಳ್ಳಿ. 103 ಡಿಗ್ರಿಯ ಒಲೆಯಲ್ಲಿಟ್ಟು ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿ, 100 ಗ್ರಾಂ ಬಂತು. ಹೋದದ್ದು 60 ಗ್ರಾಂ ನೀರು, ತೇವ ಶೇ. 60. ಉಳಿದ ಹಲಗೆಯ ತೂಕ 4.8 ಕಿಲೋ ಇದ್ದರೆ ಅದರ ಒಣತೂಕ 3 ಕಿಲೋ ಎಂದು ಲೆಕ್ಕ ಸಿಗುತ್ತದೆ. ಅದರ ಎರಡು ತುದಿಗೂ ದಪ್ಪ ಬಣ್ಣ ಬಳಿದು, ಬೇಕೆಂದಾಗ ಎಳೆಯಲು ಬರುವಂತೆ ಅಟ್ಟಿಯೊಳಗೆ ಸೇರಿಸಿ. ಮರುದಿನ ತೆಗೆದು ತೂಗಿದಾಗ 4.2 ಕಿಲೋ ಇದ್ದರೆ ಲೋಡು ಶೇ. 40ಕ್ಕೆ ಬಂದಿದೆ, ಷೆಡ್ಯೂಲಿನ ಮುಂದಿನ ಮೆಟ್ಟಿಲಿಗೆ ಹೋಗಬಹುದು. 3.33 ಕಿಲೋ ಆದ ದಿನ ಅದು ಶೇ. 11. ಇಂಥ ನಾಲ್ಕಾರು ಹಲಗೆಗಳು ಬೇಕು, ಅತಿ ಒದ್ದೆಯದೂ ಅತಿ ಒಣದೂ ಅವುಗಳಲ್ಲಿ ಸೇರಿರಬೇಕು. ಮೊಳೆ ಚುಚ್ಚುವ ವಿದ್ಯುತ್ ಮೀಟರುಗಳು ಅನುಕೂಲವೇನೋ ಹೌದು, ಆದರೆ ಅವನ್ನು ನಂಬಬಹುದಾದದ್ದು ಶೇ. 7ರಿಂದ 30ರ ನಡುವೆ ಮಾತ್ರ. ಮರದ ಜಾತಿಗೂ ಬಿಸಿಗೂ ತಿದ್ದುಪಡಿ ಮಾಡಿಕೊಳ್ಳಬೇಕು.

ನಾಲ್ಕನೆಯದು, ಅವಸರದಲ್ಲಿ ಎಲ್ಲರೂ ಬಿಟ್ಟುಬಿಡುವ ಕೊನೆಯ ಎರಡು ಹಂತಗಳು. ಲೋಡಿನ ಸರಾಸರಿ ತೇವ ಶೇ. 11 ಬಂದಿತೆಂದು ಬಾಗಿಲು ತೆರೆದರೆ, ಅದರಲ್ಲಿ ಏಳರ ಹಲಗೆಯೂ ಹದಿನಾರರ ಹಲಗೆಯೂ ಇರಬಹುದು. ಬಡಗಿ ಒಂದು ಬಾಗಿಲಿಗೆ ಈ ಎರಡನ್ನೂ ಸೇರಿಸಿಬಿಡುತ್ತಾನೆ. ಟೀಮನ್ ಕೆಲಸ ಮಾಡಿದ, ಅಮೆರಿಕದ ಮ್ಯಾಡಿಸನ್ನಿನ ಅರಣ್ಯ ಉತ್ಪನ್ನ ಪ್ರಯೋಗಾಲಯದ ಕೈಪಿಡಿ ಇದಕ್ಕೆ ಸರಳ ಸೂತ್ರ ಕೊಡುತ್ತದೆ. ಗುರಿ 11 ಎಂದಿದ್ದರೆ, ಅತಿ ಒಣ ಮಾದರಿ 9ಕ್ಕೆ ಬಂದ ಕೂಡಲೇ ಕಿಲ್ನಿನ ಗಾಳಿಯನ್ನು 9ರ ಸಮತೋಲನಕ್ಕೆ ತಂದು ನಿಲ್ಲಿಸಿ. ಒಣಗಿದ ಹಲಗೆ ಅದಕ್ಕಿಂತ ಕೆಳಗೆ ಇಳಿಯಲಾರದು, ಹಿಂದುಳಿದ ಹಲಗೆ ಇಳಿಯುತ್ತ ಬರುತ್ತದೆ. ಅತಿ ಒದ್ದೆಯದೂ 11 ಮುಟ್ಟಿದ ಮೇಲೆ ಉಗಿ ಬಿಟ್ಟು ಗಾಳಿಯನ್ನು ಗುರಿಗಿಂತ ಮೂರು ಅಂಶ ಮೇಲಕ್ಕೆ, 14ರ ಸಮತೋಲನಕ್ಕೆ ಏರಿಸಿ ಕೆಲವು ಗಂಟೆ ಬಿಡಿ. ಹೊರಪದರ ಮೆತ್ತಗಾಗಿ ಒಳಗಿನ ಬಿಗಿತ ಕಳೆಯುತ್ತದೆ.

ಬಿಗಿತ ಕಳೆದಿದೆಯೇ ಎಂದು ನೋಡುವ ಪರೀಕ್ಷೆ ಕಣ್ಣಿಗೆ ಕಾಣುವಂಥದ್ದು. ಹಲಗೆಯ ಅಡ್ಡಕ್ಕೆ ಒಂದು ತೆಳು ಬಿಲ್ಲೆ ಕೊಯ್ದು, ಅದರ ನಡುವಿನ ಭಾಗವನ್ನು ಗರಗಸದಿಂದ ತೆಗೆದು, ಎರಡು ಹಲ್ಲುಗಳ ಫೋರ್ಕಿನಂತೆ ಮಾಡಬೇಕು. ಹಲ್ಲುಗಳು ನೆಟ್ಟಗೆ ನಿಂತರೆ ಮರ ನೆಮ್ಮದಿಯಾಗಿದೆ. ಅವು ಒಳಕ್ಕೆ ಬಾಗಿ ಒಂದನ್ನೊಂದು ತಾಗಿದರೆ ಹೊರಪದರ ಎಳೆದ ಸ್ಥಿತಿಯಲ್ಲೇ ಗಟ್ಟಿಯಾಗಿದೆ ಎಂದರ್ಥ. ಅಂಥ ಹಲಗೆಯನ್ನು ಯಂತ್ರದಲ್ಲಿ ಉದ್ದಕ್ಕೆ ಸೀಳಿದ ಕೂಡಲೇ ಎರಡು ಹೋಳುಗಳೂ ಬಿಲ್ಲಿನಂತೆ ಬಾಗುತ್ತವೆ. ಮರ ಕೆಟ್ಟದ್ದೆಂದು ಮೂಲೆಗೆ ಎಸೆಯುವ ಎಷ್ಟೋ ಹಲಗೆಗಳ ದೋಷ ಇಷ್ಟೇ.

ಇನ್ನು ಖರ್ಚಿನ ಮಾತು. ಒಂದು ಘನ ಮೀಟರ್ ರೇಡಿಯಾಟಾದಲ್ಲಿ ಒಣಮರದ ತೂಕ ಸುಮಾರು 400 ಕಿಲೋ. ಶೇ. 60ರಿಂದ 12ಕ್ಕೆ ಇಳಿಸಲು 190 ಕಿಲೋಗೂ ಹೆಚ್ಚು ನೀರು ಹೊರಹೋಗಬೇಕು. ವ್ಯಾಪಾರಿಗಳ ಅಳತೆಯಲ್ಲಿ ಪ್ರತಿ ಘನ ಅಡಿಗೆ ಐದೂವರೆ ಲೀಟರ್. ಐದುನೂರು ಘನ ಅಡಿಯ ಒಂದು ಲೋಡಿನಿಂದ 2,700 ಲೀಟರ್. ಬೇಸಿಗೆಯಲ್ಲಿ ಕುಂದಲಹಳ್ಳಿಯ ಗಲ್ಲಿಗಳಲ್ಲಿ ಓಡಾಡುವ ಚಿಕ್ಕ ನೀರಿನ ಟ್ಯಾಂಕರಿನ ಅರ್ಧದಷ್ಟನ್ನು ಆವಿ ಮಾಡಿದ ಹಾಗೆ. ಬರೀ ಆವಿ ಮಾಡಲಿಕ್ಕೇ ಘನ ಮೀಟರಿಗೆ ಸುಮಾರು 130 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಗೋಡೆಯಿಂದ, ಕಿಂಡಿಯಿಂದ ಸೋರುವುದು ಸೇರಿದರೆ ನಿಜವಾದ ಖರ್ಚು ಇದಕ್ಕಿಂತ ಎಷ್ಟೋ ಹೆಚ್ಚು. ಮರದ ಹೊಟ್ಟು, ಚೂರುಗಳನ್ನೇ ಬಾಯ್ಲರಿಗೆ ಹಾಕುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯಬೇಕು.

ಇಲ್ಲಿ ಬೆಂಗಳೂರಿನ ಹವೆ ನಮ್ಮ ಕಡೆಗಿದೆ. ಜನವರಿಯಿಂದ ಏಪ್ರಿಲ್‌ವರೆಗೆ ನೆರಳಿನ ಷೆಡ್ಡಿನಲ್ಲಿ ರೀಪರು ಕೊಟ್ಟು ಅಟ್ಟಿ ಹಾಕಿದರೆ ಒಂದು ಅಂಗುಲದ ಪೈನ್ ಹಲಗೆ ಕೆಲವೇ ವಾರಗಳಲ್ಲಿ ಶೇ. 20ರ ಕೆಳಗೆ ತಾನಾಗಿ ಇಳಿಯುತ್ತದೆ. ಕಿಲ್ನಿಗೆ ಉಳಿಯುವುದು ಕೊನೆಯ ಎಂಟು ಹತ್ತು ಅಂಶದ ಕೆಲಸ ಮಾತ್ರ. ಅದೇ ಕೆಲಸವನ್ನು ಜುಲೈನಲ್ಲಿ ಮಾಡಹೋದರೆ ಕೆಡುತ್ತದೆ. ಬಿಳಿಮರದಲ್ಲಿ ಸಕ್ಕರೆ, ಪಿಷ್ಟ ಇರುತ್ತವೆ, ತೇವವೂ ಬೆಚ್ಚಗಿನ ಗಾಳಿಯೂ ಸೇರಿದರೆ ಶಿಲೀಂಧ್ರ ಹತ್ತಿ ಹಲಗೆಯೊಳಕ್ಕೆ ನೀಲಿ ಕಲೆ ಇಳಿಯುತ್ತದೆ. ಬಲ ಅಷ್ಟೇನೂ ಕುಗ್ಗದಿದ್ದರೂ ಬೆಲೆ ಬೀಳುತ್ತದೆ. ಮಳೆಗಾಲದಲ್ಲಿ ಬಂದ ಒದ್ದೆ ಪೈನನ್ನು ತಡಮಾಡದೆ ನೇರವಾಗಿ ಕಿಲ್ನಿಗೆ ಹಾಕಬೇಕು. ಬೇಸಿಗೆಗೊಂದು ಷೆಡ್ಯೂಲು, ಮಳೆಗಾಲಕ್ಕೊಂದು ಷೆಡ್ಯೂಲು ಗೋಡೆಗೆ ಅಂಟಿಸಿಟ್ಟುಕೊಳ್ಳುವುದು ಈ ಊರಿನ ಮರದ ಅಂಗಳಗಳಿಗೆ ತಕ್ಕ ಕ್ರಮ.

ಪ್ಯಾಲೆಟ್ಟಿನವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ರಫ್ತಿನ ಪ್ಯಾಲೆಟ್ಟಿನ ಮೇಲೆ ಗೋಧಿಯ ತೆನೆಯ ಗುರುತು, ಐಎನ್ ಎನ್ನುವ ಅಕ್ಷರ, ಎಚ್‌ಟಿ ಎನ್ನುವ ಮುದ್ರೆ ನೋಡಿರುತ್ತೀರಿ. 2002ರಲ್ಲಿ ಬಂದ ಅಂತರರಾಷ್ಟ್ರೀಯ ನಿಯಮ ಅದು. ಮರದ ನಡುಭಾಗ 56 ಡಿಗ್ರಿ ಬಿಸಿಯಲ್ಲಿ ಒಂದೇ ಸಮನೆ 30 ನಿಮಿಷ ಇರಬೇಕು, ಒಳಗಿನ ಹುಳು ಸಾಯಬೇಕು. ಹುಳು ಸತ್ತರೂ ಮರ ಒಣಗಿರಬೇಕೆಂದಿಲ್ಲ. ಶೇ. 50 ತೇವದ ಪ್ಯಾಲೆಟ್ಟಿಗೂ ಈ ಮುದ್ರೆ ನ್ಯಾಯವಾಗಿಯೇ ಬೀಳುತ್ತದೆ. ಅಂಥದನ್ನು ಮುಚ್ಚಿದ ಕಂಟೇನರಿನಲ್ಲಿ ತಿಂಗಳುಗಟ್ಟಲೆ ಸಮುದ್ರದ ಮೇಲೆ ಕಳಿಸಿದರೆ ಬೂಷ್ಟು ಬೆಳೆಯುತ್ತದೆ, ಹೊರಬಂದ ಆವಿ ಯಂತ್ರದ ಉಕ್ಕಿನ ಮೇಲೆ ಕೂತು ತುಕ್ಕು ಹಿಡಿಸುತ್ತದೆ. ಹೇಗೂ ಕಿಲ್ನ್ ಬಿಸಿ ಮಾಡಿದ್ದಾಗಿದೆ, ಶೇ. 20ರ ಕೆಳಗೆ ಇಳಿಯುವವರೆಗೆ ಇನ್ನಷ್ಟು ಹೊತ್ತು ನಡೆಸಿದರೆ ಎರಡೂ ಕೆಲಸ ಒಟ್ಟಿಗೆ ಮುಗಿಯುತ್ತವೆ.

ಇದನ್ನೆಲ್ಲ ಕಲಿಯಲು ದೂರ ಹೋಗಬೇಕಾಗಿಲ್ಲ. ಕುಂದಲಹಳ್ಳಿಯಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಮಲ್ಲೇಶ್ವರ. ಅಲ್ಲಿನ ಹದಿನೆಂಟನೇ ಅಡ್ಡರಸ್ತೆಯಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಮೈಸೂರು ಸಂಸ್ಥಾನ ಶುರು ಮಾಡಿದ ಅರಣ್ಯ ಸಂಶೋಧನಾ ಪ್ರಯೋಗಾಲಯವೇ ಅದರ ಮೂಲ. 1956ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಾಗಿ, 1988ರಲ್ಲಿ ಈಗಿನ ರೂಪ ಪಡೆಯಿತು. ಮರಗೆಲಸದ ಆಧುನಿಕ ಯಂತ್ರಗಳ ಮೇಲೆ ತರಬೇತಿ ಕೊಡುವ ಕೇಂದ್ರವೂ ಅಲ್ಲೇ ಇದೆ. ಮರದ ಅಂಗಳ ನಡೆಸುವವರು ತಮ್ಮ ಕಿಲ್ನ್ ನೋಡಿಕೊಳ್ಳುವ ಹುಡುಗನಿಗೆ ಇಂಥ ಕಡೆ ತರಬೇತಿ ಕೊಡಿಸಿದರೆ ಆ ಖರ್ಚು ಹೊಸ ಯಂತ್ರದ ಖರ್ಚಿಗಿಂತ ಬೇಗ ವಾಪಸಾಗುತ್ತದೆ.

ಕಿಲ್ನಿನಿಂದ ಹೊರಬಂದ ಮರದ ಗತಿ ಮುಂದೆ ಕೊಳ್ಳುವವರ ಕೈಯಲ್ಲಿದೆ. ಚೆನ್ನಾಗಿ ಒಣಗಿಸಿದ ಹಲಗೆಯನ್ನು ತೆರೆದ ಲಾರಿಯಲ್ಲಿ ಮಳೆಯಲ್ಲಿ ತರುತ್ತಾರೆ, ನೆಲಮಾಳಿಗೆಯ ಪಾರ್ಕಿಂಗಿನ ಥಂಡಿ ಸಿಮೆಂಟಿನ ಮೇಲೆ ವಾರಗಟ್ಟಲೆ ಪೇರಿಸಿಡುತ್ತಾರೆ. ಇನ್ನೂ ಸಾಮಾನ್ಯವಾದದ್ದು ಹೊಸ ಫ್ಲ್ಯಾಟಿನ ಅವಸರ. ಗೃಹಪ್ರವೇಶದ ದಿನ ಗೊತ್ತಾಗಿದೆ, ಗೋಡೆಯ ಪ್ಲಾಸ್ಟರು, ನೆಲದ ಟೈಲ್ಸಿನ ಗಾರೆ ಇನ್ನೂ ಹಸಿ, ಕಿಟಕಿಗಳೆಲ್ಲ ಮುಚ್ಚಿವೆ. ಆ ಕೋಣೆಯ ಗಾಳಿ ಮಳೆಗಾಲಕ್ಕಿಂತ ಒದ್ದೆ. ಶೇ. 11ರ ಮರ ಅಲ್ಲಿ ಮತ್ತೆ ನೀರು ಕುಡಿದು ಹದಿನಾರಕ್ಕೆ ಏರುತ್ತದೆ, ಬಡಗಿ ಅದೇ ಸ್ಥಿತಿಯಲ್ಲಿ ಅಳತೆ ತೆಗೆದು ಕೂರಿಸುತ್ತಾನೆ. ಅಲ್ಲಿಗೆ ಕಿಲ್ನಿನಲ್ಲಿ ಸುರಿದ ಸೌದೆ, ವಿದ್ಯುತ್ತು, ದಿನಗಳು ಎಲ್ಲವೂ ನೀರಿನಲ್ಲಿ ಮಾಡಿದ ಹೋಮ. ಗೋಡೆ ಒಣಗುವವರೆಗೆ ಮರವನ್ನು ಒಳಗೆ ತರಬೇಡಿ. ತಂದ ಮೇಲೂ ನಡುವೆ ಪಟ್ಟಿ ಕೊಟ್ಟು, ಕಿಟಕಿ ತೆರೆದು, ಒಂದೆರಡು ವಾರ ಆ ಮನೆಯ ಗಾಳಿಗೆ ಹೊಂದಿಕೊಳ್ಳಲು ಬಿಡಿ.

ಕೊನೆಯದಾಗಿ, ಮರ ಕೊಳ್ಳುವಾಗ ಕಿಲ್ನಿನಲ್ಲಿ ಒಣಗಿಸಿದ್ದೇ ಎಂದು ಕೇಳಿದರೆ ಹೌದು ಎನ್ನದ ವ್ಯಾಪಾರಿ ಇಲ್ಲ. ಈಗ ಎಷ್ಟು ತೇವ ಇದೆ, ಹಲಗೆಯನ್ನು ಮಧ್ಯಕ್ಕೆ ಕೊಯ್ದು ಅಲ್ಲಿ ಮೀಟರು ಚುಚ್ಚಿ ತೋರಿಸಿ ಎಂದು ಕೇಳಿ. ಒಂದೇ ಹಲಗೆ ಸಾಲದು, ಬೇರೆ ಬೇರೆ ಕಡೆಯಿಂದ ಐದಾರು ಹಲಗೆ ತೆಗೆಸಿ. ಅವುಗಳ ನಡುವೆ ಎರಡು ಮೂರು ಅಂಶಕ್ಕಿಂತ ಹೆಚ್ಚು ಅಂತರ ಇದ್ದರೆ ಆ ಲೋಡು ಬೇಡ. ಬಿಲ್ಲಿನಲ್ಲಿ ಘನ ಅಡಿ, ದರ, ತೆರಿಗೆ ಬರೆದ ಹಾಗೆ ತೇವಾಂಶವನ್ನೂ ಬರೆಸಿಕೊಳ್ಳಿ. ಗಿರಾಕಿ ಈ ಅಂಕಿಯನ್ನು ಕೇಳತೊಡಗಿದರೆ ವ್ಯಾಪಾರಿ ಅದನ್ನು ಕಿಲ್ನ್ ನಡೆಸುವವನ ಹತ್ತಿರ ಕೇಳಲೇಬೇಕಾಗುತ್ತದೆ. ಕಿಲ್ನಿನವನು ಕೊನೆಯ ಆ ಎರಡು ಹಂತಗಳನ್ನು ಬಿಡಲಾರದವನಾಗುತ್ತಾನೆ.